ಮಂಡ್ಯದಿಂದ ಮೈಸೂರಿಗೆ ಒಂದು ಆಲ್ಬಂ ದೂರ

ಬೆಳಗಿನ ರೈಲು ಮಂಡ್ಯ ಸ್ಟೇಷನ್ ಬಿಡುವಾಗ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತೇನೆ. ಮೊದಲು ಕೇಳುವುದೂ ರೈಲಿನ ಸದ್ದೇ. ನಾನು ಕೂತಿರುವ ರೈಲಿನದಲ್ಲ, ನ್ಯೂಯಾರ್ಕಿನಲ್ಲಿ ಮನೆಗಳ ಪಕ್ಕ ಕಂಬಗಳ ಮೇಲೆ ಓಡುವ ರೈಲಿನದು. ಆ ಸದ್ದಿನ ಹಿಂದೆ ಎಲ್ಲೋ ದೂರದಲ್ಲಿ ಒಬ್ಬ ಹುಡುಗ ರ‍್ಯಾಪ್ ಮಾಡುತ್ತಿರುವುದು ಸಣ್ಣಗೆ ಕೇಳುತ್ತದೆ. ಪಕ್ಕದ ಮನೆಯ ರೇಡಿಯೋ ಕೇಳಿದ ಹಾಗೆ. ಆಮೇಲೆ ಯಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ. ನಾಗನಹಳ್ಳಿ ದಾಟಿ ಮೈಸೂರಿನ ಸಿಗ್ನಲ್ಲಿಗೆ ಬರುವ ಹೊತ್ತಿಗೆ ಹತ್ತೂ ಹಾಡು ಮುಗಿದಿರುತ್ತವೆ. ಒಟ್ಟು 40 ನಿಮಿಷ, ಅಷ್ಟೇ.

ಆಲ್ಬಂ ಹೆಸರು ಇಲ್‌ಮ್ಯಾಟಿಕ್. ಹಾಡಿದವನು ನಾಸ್. ಪೂರ್ತಿ ಹೆಸರು ನಾಸಿರ್ ಜೋನ್ಸ್. ಅದು ಬಿಡುಗಡೆಯಾಗಿದ್ದು 1994ರ ಏಪ್ರಿಲ್ 19ಕ್ಕೆ. ಆಗ ಅವನಿಗೆ 20 ವರ್ಷ. ಅದು ಅವನ ಮೊದಲನೇ ಆಲ್ಬಂ. ನನ್ನ ಮಟ್ಟಿಗೆ ಹಿಪ್‌ಹಾಪ್ ಅನ್ನುವ ಈ ರ‍್ಯಾಪ್ ಸಂಗೀತದಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಯಾಕೆ ಅಂತ ತುಂಬಾ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ. ಇವತ್ತು ವಾರದ ರಜೆ, ಕೂತಿದ್ದೇನೆ.

ನನಗೆ ಇದು ಸಿಕ್ಕಿದ್ದು ಡಿಪ್ಲೊಮಾ ಓದುವಾಗ. ಹಾಸ್ಟೆಲ್ ಹುಡುಗನೊಬ್ಬ ಮೆಮೊರಿ ಕಾರ್ಡಿಗೆ ಹಾಕಿಕೊಟ್ಟ. ಆಗ ನನಗೆ ಇಂಗ್ಲಿಷ್ ಹಾಡು ಅಂದರೆ ಬರೀ ತಾಳ. ಮಾತು ಒಂದೂ ತಿಳಿಯುತ್ತಿರಲಿಲ್ಲ. ಆದರೂ ಎರಡನೇ ಹಾಡಿನಲ್ಲಿ ಒಂದು ಪಿಯಾನೋ ಇದೆ. ಕೆಲವೇ ಕೆಲವು ಸ್ವರ, ದಪ್ಪ ದನಿ, ಕತ್ತಲಲ್ಲಿ ಯಾರೋ ಮೆಟ್ಟಿಲು ಇಳಿದು ಬಂದ ಹಾಗೆ ಮತ್ತೆ ಮತ್ತೆ ಬರುತ್ತದೆ. ಅದು ನನ್ನನ್ನು ಬಿಡಲಿಲ್ಲ. ಹಳೆಯ ಜಾಝ್ ರೆಕಾರ್ಡಿನಿಂದ ಆ ತುಣುಕನ್ನು ಎತ್ತಿ ಸುತ್ತು ಹಾಕಿಸಿದವನು ಡಿಜೆ ಪ್ರೀಮಿಯರ್ ಅಂತ ಆಮೇಲೆ ತಿಳಿಯಿತು. ಆ ಹಾಡಿನ ಶುರುವಿನಲ್ಲಿ ನಾಸ್ ಹೇಗೆ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ ಅನ್ನುತ್ತಾನೆ. ಅದನ್ನು ರೆಕಾರ್ಡಿನಲ್ಲಿ ಹಾಗೇ ಬಿಟ್ಟಿದ್ದಾರೆ. ಹಾಗಂದವನು ಮರುಕ್ಷಣ ಶುರು ಮಾಡಿದರೆ ಉಸಿರು ತೆಗೆದುಕೊಳ್ಳುವುದಕ್ಕೂ ಜಾಗ ಕೊಡದೆ ಹೋಗುತ್ತಾನೆ.

ಆ ವರ್ಷ ಒಂದು 200 ಪುಟದ ನೋಟ್‌ಬುಕ್ ತಂದೆ. ಒಂದೊಂದು ಸಾಲಿನ ಮಾತನ್ನೂ ಎಡಗಡೆ ಬರೆದು, ಅರ್ಥವನ್ನು ಬಲಗಡೆ ಬರೆಯುತ್ತಾ ಹೋದೆ. ಡಿಕ್ಷನರಿಯಲ್ಲಿ ಇಲ್ಲದ ಪದಗಳೇ ಜಾಸ್ತಿ. ಅವು ಆ ಬೀದಿಯ ಪದಗಳು. ಹತ್ತು ಹಾಡಿಗೆ ನನಗೆ ಏಳೆಂಟು ತಿಂಗಳು ಬೇಕಾಯಿತು. ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ, ರಟ್ಟು ಕಿತ್ತುಬಂದಿದೆ.

ಅರ್ಥ ಆಗುತ್ತಾ ಹೋದ ಹಾಗೆ ನನಗೆ ಹಿಡಿಸಿದ್ದು ಒಂದು ವಿಷಯ. ಈ ಹುಡುಗ ತನ್ನ ಕೇರಿ ಬಿಟ್ಟು ಆಚೆ ಹೋಗುವುದೇ ಇಲ್ಲ. ಕ್ವೀನ್ಸ್‌ಬ್ರಿಡ್ಜ್ ಅಂತ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಸರ್ಕಾರ ಕಟ್ಟಿಸಿದ ವಸತಿ ಸಮುಚ್ಚಯ. 1939ರಲ್ಲಿ ತೆರೆದದ್ದು. ಇಟ್ಟಿಗೆಯ 96 ಕಟ್ಟಡ, 3,000ಕ್ಕೂ ಜಾಸ್ತಿ ಮನೆ. ಅಮೆರಿಕದಲ್ಲಿ ಇಂಥದ್ದರಲ್ಲಿ ಅದೇ ದೊಡ್ಡದು. ಪಕ್ಕದಲ್ಲಿ ನದಿ, ತಲೆಯ ಮೇಲೆ ಸೇತುವೆ, ನದಿಯ ಆಚೆ ದಡದಲ್ಲಿ ಮ್ಯಾನ್‌ಹ್ಯಾಟನ್‌ನ ಸಿರಿವಂತಿಕೆ. ನಾಸ್ ಆ 96 ಕಟ್ಟಡಗಳ ನಡುವೆ ಕೂತು ಮಾತಾಡುತ್ತಾನೆ. ಯಾವ ಮೂಲೆಯಲ್ಲಿ ಯಾರು ನಿಲ್ಲುತ್ತಾರೆ, ಯಾರ ಹೆಸರು ಹೇಳಿದರೆ ಯಾರು ತಿರುಗಿ ನೋಡುತ್ತಾರೆ, ಪೊಲೀಸರು ಬಂದರೆ ಯಾವ ಬಾಗಿಲಿನಿಂದ ಓಡಬೇಕು, ಎಲ್ಲ ಹೇಳುತ್ತಾನೆ. ಹೊರಗಿನವರಿಗೆ ಅಂತ ಬಿಡಿಸಿ ಹೇಳುವುದಿಲ್ಲ. ಕರುಣೆ ತೋರಿಸಿ ಅಂತಲೂ ಕೇಳುವುದಿಲ್ಲ. ದನಿಯನ್ನೂ ಏರಿಸುವುದಿಲ್ಲ. ಗೊತ್ತಿರುವವರ ಜೊತೆ ಕಟ್ಟೆಯ ಮೇಲೆ ಕೂತು ಮಾತಾಡುವ ಹಾಗೆ ಮಾತಾಡುತ್ತಾನೆ. ಅದಕ್ಕೇ ನನ್ನಂಥ ಪೂರಾ ಹೊರಗಿನವನಿಗೂ ಅಲ್ಲೇ ಪಕ್ಕದಲ್ಲಿ ಜಾಗ ಸಿಕ್ಕಿತು.

ನಾನು ಬೆಳೆದದ್ದು ಮಂಡ್ಯದ ಸಕ್ಕರೆ ಫ್ಯಾಕ್ಟರಿಗೆ ಹತ್ತಿರ. ಕಬ್ಬು ಅರೆಯುವ ಕಾಲದಲ್ಲಿ ಕಾಕಂಬಿಯ ವಾಸನೆ ಮನೆಯೊಳಗೆ ಬಂದು, ಹಾಸಿಗೆ ಬಟ್ಟೆಗೂ ಅಂಟಿಕೊಳ್ಳುತ್ತಿತ್ತು. ಕಬ್ಬಿನ ಗಾಡಿಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಲ್ಲುತ್ತಿದ್ದವು. ನಾವು ಹುಡುಗರು ಹಿಂದಿನಿಂದ ಜಲ್ಲೆ ಎಳೆಯುತ್ತಿದ್ದೆವು. ಗಾಡಿಯವರು ಬೈದರೂ ಒಂದು ಜಲ್ಲೆ ಬಿಟ್ಟುಕೊಡುತ್ತಿದ್ದರು. ಇದನ್ನೆಲ್ಲ ಹಾಡಿನಲ್ಲಿ ಹೇಳಬಹುದು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಂಟನೇ ಕ್ಲಾಸಿನ ನಂತರ ಸ್ಕೂಲು ಬಿಟ್ಟ, ಎಲ್ಲೋ ಇರುವ ಆ ಹುಡುಗ ಹೇಳಿಕೊಟ್ಟ.

ಕವರ್ ಫೋಟೋ ನೋಡಿ. ಏಳು ವರ್ಷದ ನಾಸ್‌ನ ಮುಖ, ಅದರ ಒಳಗಿನಿಂದ ಹಾದು ಕಾಣುವ ಅವನ ಬೀದಿ. ಮುಖ ಎಲ್ಲಿ ಮುಗಿಯಿತು, ಇಟ್ಟಿಗೆ ಎಲ್ಲಿ ಶುರುವಾಯಿತು ಅಂತ ಬೇರೆ ಮಾಡಲು ಆಗುವುದಿಲ್ಲ. ಮಗುವಿನ ಕಣ್ಣಿನಲ್ಲಿ ನಗು ಇಲ್ಲ. ಅವನ ಅಪ್ಪ ವಿದೇಶದಲ್ಲಿ ಸಂಗೀತ ಕಛೇರಿ ಮುಗಿಸಿ ಮನೆಗೆ ಬಂದ ಸಮಯದಲ್ಲಿ ತೆಗೆದ ಫೋಟೋ ಅದು. ಆ ಅಪ್ಪನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಪ್ರಾಸದ ಮಾತು. ಕನ್ನಡದಲ್ಲಿ ರ‍್ಯಾಪ್ ಬರೆಯುವ ನಮ್ಮ ಹುಡುಗರು ಇದನ್ನು ಓದಲಿ ಅಂತ ನನಗೆ ಆಸೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೆ. ಹಾಗಾಗಿ ಕೊನೆಯ ಪ್ರಾಸ ನಮಗೆ ಪುಕ್ಕಟೆ ಸಿಗುತ್ತದೆ. ಬರ್ತೀನಿ, ಹೋಗ್ತೀನಿ, ತೋರಿಸ್ತೀನಿ, ಗೆಲ್ತೀನಿ. ಕಷ್ಟವೇ ಪಡಬೇಕಿಲ್ಲ. ಆದರೆ ನಾಲ್ಕು ಸಾಲು ಕೇಳುವಷ್ಟರಲ್ಲಿ ಕಿವಿ ದಣಿಯುತ್ತದೆ. ಮುಂದಿನ ಸಾಲು ಹೇಗೆ ಮುಗಿಯುತ್ತದೆ ಅಂತ ಮೊದಲೇ ಗೊತ್ತಾಗಿಬಿಡುತ್ತದೆ ಅಲ್ವಾ?

ನಾಸ್ ಪ್ರಾಸವನ್ನು ಸಾಲಿನ ಒಳಗೆ ಬಚ್ಚಿಡುತ್ತಾನೆ. ಒಂದು ಸಾಲಿನ ನಡುವೆ ಬಂದ ಸದ್ದು ಮುಂದಿನ ಸಾಲಿನ ಮೊದಲಲ್ಲಿ ಎದುರಾಗುತ್ತದೆ. ವಾಕ್ಯ ಸಾಲಿಗೆ ನಿಲ್ಲದೆ ಆಚೆಗೆ ಹರಿಯುತ್ತದೆ. ನಾನು ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯುವ ಸಿಎನ್‌ಸಿ ಮಷೀನಿನ ಮೇಲೆ ಕೆಲಸ ಮಾಡುವವನು, ನನಗೆ ಅದು ಬೋರ್‌ನೊಳಗೆ ಬುಷ್, ಅಂದರೆ ಕೊರೆದ ತೂತಿನೊಳಗೆ ಅಳತೆಗೆ ಸರಿಯಾದ ಲೋಹದ ಬಳೆ, ಕೂತ ಹಾಗೆ ಕೇಳುತ್ತದೆ. ಎಲ್ಲಿಯೂ ಅಲ್ಲಾಡುವುದಿಲ್ಲ, ಒತ್ತಿ ಕೂರಿಸಿದ ಗುರುತೂ ಇಲ್ಲ. ನೋಟ್‌ಬುಕ್ಕಿನಲ್ಲಿ ಪ್ರಾಸ ಬಂದ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ಆರನೇ ಹಾಡಿನ ಒಂದು ಪುಟದಲ್ಲಿ ನೀಲಿಗಿಂತ ಕೆಂಪೇ ಜಾಸ್ತಿ ಕಾಣುತ್ತದೆ.

ಇದು ನಮಗೆ ಹೊಸದೇನೂ ಅಲ್ಲ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಆದಿಪ್ರಾಸ ಹೇಳಿಕೊಟ್ಟಿದ್ದರು. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು ಅಂತ. ಹಳೆಯ ಕವಿಗಳು ಸಾವಿರ ವರ್ಷದ ಹಿಂದೆಯೇ ಪ್ರಾಸವನ್ನು ಸಾಲಿನ ಶುರುವಿನಲ್ಲಿ ಇಟ್ಟರು. ಬಾಲದಲ್ಲಿ ಇಡಲಿಲ್ಲ. ನಾಸ್ ಕೇಳಿದ ಮೇಲೆ ನನಗೆ ಆ ಪಾಠ ನೆನಪಾಗಿ, ರೈಲಿನಲ್ಲಿ ಕೂತು ಎರಡು ಸಾಲು ಬರೆದೆ.

ಸಂತೆಯ ದಾರೀಲಿ ನಿಂತೆ, ಕಂತು ಕಟ್ಟಿಲ್ಲ ಗಾಡೀದು
ಅಂತ ಚಿಂತೇಲಿರುವಾಗ ಬಂತು ಮದ್ದೂರಿನ ಕೊನೇ ಬಸ್ಸು

ಕೊನೆಯಲ್ಲಿ ಪ್ರಾಸವೇ ಇಲ್ಲ, ಆದರೂ ಬಾಯಲ್ಲಿ ಉರುಳುತ್ತದೆ. ಜೋರಾಗಿ ಹೇಳಿ ನೋಡಿ. ನಮ್ಮ ಹುಡುಗರ ಕೈಯಲ್ಲಿ ಇಂಥ ಒಂದು ಹತಾರ ಸುಮ್ನೆ ತುಕ್ಕು ಹಿಡಿಯುತ್ತಿದೆ. ಅದನ್ನು ತೊಳೆದು ತೆಗೆದರೆ ಕನ್ನಡ ರ‍್ಯಾಪ್ ಎಲ್ಲಿಗೆ ಹೋಗಬಹುದು ಅಂತ ಯೋಚಿಸಿದರೆ ಮೈ ಜುಂ ಅನ್ನುತ್ತದೆ.

ಸಂಗೀತದ ಬಗ್ಗೆಯೂ ಎರಡು ಮಾತು. ಆ ಕಾಲದಲ್ಲಿ ಒಬ್ಬ ರ‍್ಯಾಪರ್‌ಗೆ ಸಾಮಾನ್ಯವಾಗಿ ಒಬ್ಬರೋ ಒಂದು ತಂಡವೋ ಸಂಗೀತ ಮಾಡಿಕೊಡುತ್ತಿತ್ತು. ಇಲ್ಲಿ ಐದು ಜನ ಬಂದರು. ಪ್ರೀಮಿಯರ್, ಲಾರ್ಜ್ ಪ್ರೊಫೆಸರ್, ಪೀಟ್ ರಾಕ್, ಕ್ಯೂ-ಟಿಪ್, ಎಲ್‌ಇಎಸ್. ಎಲ್ಲರೂ ನ್ಯೂಯಾರ್ಕಿನ ಬಳಗದವರೇ. ಐದು ಜನ ಅಡುಗೆಗೆ ನಿಂತರೆ ಉಪ್ಪು ಖಾರ ಹೆಚ್ಚುಕಮ್ಮಿ ಆಗಬೇಕಿತ್ತು. ಆಗಿಲ್ಲ. ಪೀಟ್ ರಾಕ್ ಮಾಡಿದ ನಾಲ್ಕನೇ ಹಾಡಿನಲ್ಲಿ ಜಾಝ್ ಕಲಾವಿದ ಅಹ್ಮದ್ ಜಮಾಲ್ ಅವರ ಪಿಯಾನೋ ಬೆಳಗಿನ ಬಿಸಿಲಿನ ಹಾಗೆ ಹರಡುತ್ತದೆ. ಕೊನೆಯ ಹಾಡಿಗೆ ಲಾರ್ಜ್ ಪ್ರೊಫೆಸರ್ ಮೈಕೆಲ್ ಜಾಕ್ಸನ್‌ನ 1982ರ ಹಾಡೊಂದರ ತುಣುಕು ತಂದಿದ್ದಾನೆ. ರೈಲು ಅಷ್ಟು ಹೊತ್ತಿಗೆ ಮೈಸೂರು ಹತ್ತಿರ ಬಂದಿರುತ್ತದೆ, ಜನ ಬ್ಯಾಗ್ ಇಳಿಸಿಕೊಂಡು ಬಾಗಿಲಿಗೆ ಬರುತ್ತಾರೆ. ನಾನು ಮಾತ್ರ ಹಾಡು ಪೂರ್ತಿ ಮುಗಿದ ಮೇಲೇ ಏಳುವುದು.

ಏಳನೇ ಹಾಡಿಗೆ ಬರೋಣ. ಅದು ನನಗೆ ಎಲ್ಲಕ್ಕಿಂತ ಹತ್ತಿರದ್ದು. ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಕಾಗದಗಳ ರೂಪದಲ್ಲಿ ಇದೆ. ಸಂಗೀತದಲ್ಲಿ ಬೆರಳಿನಿಂದ ಮೀಟುವ ಆಫ್ರಿಕಾದ ಪುಟ್ಟ ವಾದ್ಯದ ಸದ್ದು, ಮಳೆ ನಿಂತ ಮೇಲೆ ಸೂರಿನಿಂದ ಹನಿ ಬಿದ್ದ ಹಾಗೆ. ಕಾಗದದಲ್ಲಿ ಏನು ಬರೆಯುತ್ತಾನೆ? ನಿನಗೆ ಮಗ ಹುಟ್ಟಿದ್ದಾನೆ, ನೋಡಲು ನಿನ್ನ ಹಾಗೇ ಇದ್ದಾನೆ. ಅವಳು ನಿನಗೆ ಕಾಗದ ಬರೆಯುತ್ತಿಲ್ಲ ಯಾಕೆ? ಇವನು ಅವನ ಜೊತೆ ಜಗಳ ಮಾಡಿಕೊಂಡ. ಬರೀ ಬೀದಿಯ ಸುದ್ದಿ. ಕೊನೆಯ ಭಾಗದಲ್ಲಿ ಬೆಂಚಿನ ಮೇಲೆ ಕೂತ ಹನ್ನೆರಡು ವರ್ಷದ ಹುಡುಗನ ಜೊತೆ ಮಾತಾಡುತ್ತಾನೆ. ಆ ಹುಡುಗ ಆಗಲೇ ಮಾದಕ ವಸ್ತು ಮಾರುತ್ತಿದ್ದಾನೆ. ನಾಸ್ ಅವನಿಗೆ ಬೈಯುವುದಿಲ್ಲ, ತನಗೆ ಗೊತ್ತಿರುವ ನಾಲ್ಕು ಮಾತು ಹೇಳಿ ಎದ್ದು ಹೋಗುತ್ತಾನೆ.

ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯನೊಬ್ಬ ಒಂದು ಹೊಡೆದಾಟದ ಕೇಸಿನಲ್ಲಿ ಒಂದೂವರೆ ವರ್ಷ ಜೈಲಿನಲ್ಲಿದ್ದ. ನಾನು ಎರಡು ಸಲ ನೋಡಲು ಹೋಗಿದ್ದೆ. ಮಧ್ಯೆ ಜಾಲರಿ, ಸುತ್ತ ಎಲ್ಲರೂ ಒಟ್ಟಿಗೇ ಕೂಗಿ ಮಾತಾಡುವವರು. "ಊಟ ಆಯ್ತಾ?" ಅಂದೆ. "ಆಯ್ತು" ಅಂದ. "ಚೆನ್ನಾಗಿದ್ದೀಯಾ?" ಅಂದೆ. ಅದಕ್ಕೆ ಏನೂ ಹೇಳಲಿಲ್ಲ. ಆಮೇಲೆ ಮಾತೇ ಹೊರಡಲಿಲ್ಲ. ಅವನಿಗೆ ನೋವಾಗಬಾರದು ಅಂತ ಊರಿನ ಸುದ್ದಿ ಯಾವುದೂ ಎತ್ತಲಿಲ್ಲ. ಈ ಹಾಡಿನ ಅರ್ಥ ಬಲಗಡೆ ಬರೆಯುತ್ತಿದ್ದಾಗ ಗೊತ್ತಾಯಿತು, ಅವನು ಕಾಯುತ್ತಿದ್ದದ್ದು ಅದಕ್ಕೇ ಅಂತ. ಅವನ ಮನೆ ಮುಂದಿನ ಹೊಂಗೆ ಮರ ಕಡಿದದ್ದು, ಅವನ ತಂಗಿ ಹೊಲಿಗೆ ಮಷೀನ್ ತಗೊಂಡದ್ದು, ನಮ್ಮ ಕ್ರಿಕೆಟ್ ಟೀಮು ಹೊಸಹಳ್ಳಿಯವರ ಕೈಯಲ್ಲಿ ಸೋತದ್ದು. ಮೂರನೇ ಸಲ ಹೋದಾಗ ಇದನ್ನೇ ಹೇಳಿದೆ. ಜಾಲರಿಗೆ ಹಣೆ ಒತ್ತಿಕೊಂಡು ಕೇಳಿದ. "ಮರ ಕಡಿದೋರು ಯಾರ್ಲಾ?" ಅಂತ ರೇಗಿದ. ಆ ರೇಗಾಟ ಕೇಳಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ ಹೇಳಲಾರೆ.

ನಾಸ್ ಆ ಹಾಡು ಬರೆಯುವ ಮೊದಲು ತನ್ನ ಜೀವದ ಗೆಳೆಯನನ್ನೂ ಕಳೆದುಕೊಂಡಿದ್ದ. ಅದೇ ಕಟ್ಟಡದಲ್ಲಿ ಮೇಲಿನ ಮನೆಯಲ್ಲಿದ್ದವನು, ಇಲ್ ವಿಲ್ ಅಂತ ಕರೆಯುತ್ತಿದ್ದರು. 1992ರಲ್ಲಿ ಗುಂಡೇಟಿಗೆ ಸತ್ತ. ಆಲ್ಬಂನಲ್ಲಿ ಅವನ ಹೆಸರು ಬಂದಾಗಲೆಲ್ಲ ನಾಸ್ ಅಳುವುದಿಲ್ಲ, ಬರೀ ಹೆಸರು ಹೇಳಿ ಮುಂದೆ ಹೋಗುತ್ತಾನೆ. ನಮ್ಮಲ್ಲಿ ಎಡೆ ಇಡುವಾಗ ಹೋದವರ ಹೆಸರು ಹೇಳುತ್ತೇವಲ್ಲ, ಹಾಗೆ.

ನನಗೆ ಒಪ್ಪಿಗೆ ಇಲ್ಲದ್ದೂ ಇದೆ, ಅದನ್ನೂ ಹೇಳಬೇಕು. ಎಂಟನೇ ಹಾಡು ಉಳಿದವುಗಳ ಮಟ್ಟಕ್ಕೆ ಇಲ್ಲ. ಮಾತು ಚೆನ್ನಾಗಿದೆ, ಆದರೆ ತಾಳ ಒಂದೇ ಕಡೆ ನಿಂತಿದೆ. ಶ್ರೀರಂಗಪಟ್ಟಣದಲ್ಲಿ ರೈಲು ನಿಂತಾಗ ಅದು ಬಂದರೆ ಕಿವಿಗಿಂತ ಕಣ್ಣಿಗೆ ಜಾಸ್ತಿ ಕೆಲಸ, ನದಿ ನೋಡುತ್ತೇನೆ. ಇನ್ನೊಂದು, ಹೆಂಗಸರ ಬಗ್ಗೆ ಆಡುವ ಮಾತು. ಗೆಳೆಯರನ್ನು, ಸತ್ತವರನ್ನು, ಬೀದಿಯ ಮಕ್ಕಳನ್ನು ಅಷ್ಟು ಹತ್ತಿರದಿಂದ ನೋಡಿದ ಕಣ್ಣು ಹೆಂಗಸರ ಕಡೆ ತಿರುಗಿದಾಗ ಮಾತ್ರ ಒರಟಾಗುತ್ತದೆ. ನನ್ನ ತಂಗಿ ಈ ನೋಟ್‌ಬುಕ್ ಓದುತ್ತಾ ಅಂಥ ಒಂದು ಸಾಲಿಗೆ ಬೆರಳಿಟ್ಟು "ಇದನ್ಯಾಕಣ್ಣ ಅರ್ಥ ಬರೀದೆ ಬಿಟ್ಟಿದ್ದೀಯಾ?" ಅಂತ ಕೇಳಿದಳು. ಬರೆಯಲು ಮನಸ್ಸಾಗಿರಲಿಲ್ಲ. ಅವಳು ಕೇಳಿದ ಮೇಲೆ ಬರೆದೆ. ಆ ಸಾಲು ಇದೆ, ಅದು ಇಲ್ಲ ಅಂತ ನಟಿಸಬಾರದು.

ಹೊರಗಡೆ ಈ ಆಲ್ಬಂಗೆ ಸಿಕ್ಕ ಮರ್ಯಾದೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಂದಾಗ ದ ಸೋರ್ಸ್ ಅನ್ನುವ ಹಿಪ್‌ಹಾಪ್ ಪತ್ರಿಕೆ ಐದಕ್ಕೆ ಐದು ಮೈಕ್, ಅಂದರೆ ಪೂರ್ತಿ ಅಂಕ, ಕೊಟ್ಟಿತು. ಆದರೆ ಅಂಗಡಿಯಲ್ಲಿ ತಕ್ಷಣ ಹೋಗಲಿಲ್ಲ, ಹತ್ತು ಲಕ್ಷ ಪ್ರತಿ ಹೋದದ್ದಕ್ಕೆ ಕೊಡುವ ಪ್ಲಾಟಿನಂ ಗುರುತು ಬಂದದ್ದು 2001ರಲ್ಲಿ. 2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವನ ಹೆಸರಿನಲ್ಲಿ ಹಿಪ್‌ಹಾಪ್ ಫೆಲೋಶಿಪ್ ಶುರು ಮಾಡಿತು. 2021ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಆಲ್ಬಂ ಅನ್ನು ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಎಲ್ಲ ಸಂತೋಷ.

ಈಗ ಅಪ್ಪನ ವಿಷಯ. ಎರಡು ಅಪ್ಪಂದಿರು.

ನಾಸ್‌ನ ಅಪ್ಪ ಒಲು ದಾರಾ, ಜಾಝ್‌ನಲ್ಲಿ ಕಾರ್ನೆಟ್ ಊದುವವರು. ಅದು ಟ್ರಂಪೆಟ್‌ನ ಜಾತಿಯದೇ, ಸ್ವಲ್ಪ ಗಿಡ್ಡ. ಮೂರನೇ ಹಾಡಿನಲ್ಲಿ ಎಝೀ (AZ) ಅನ್ನುವ ಗೆಳೆಯ ಮೊದಲು ರ‍್ಯಾಪ್ ಮಾಡುತ್ತಾನೆ, ಆಮೇಲೆ ನಾಸ್. ತನಗೆ ಇಪ್ಪತ್ತು ತುಂಬಿದ್ದು ಒಂದು ವರ ಅಂತ ಹೇಳುತ್ತಾನೆ. ಆ ಬೀದಿಯಲ್ಲಿ ಇಪ್ಪತ್ತು ಮುಟ್ಟುವುದೇ ದೊಡ್ಡದು. ಮಾತೆಲ್ಲ ಮುಗಿದ ಮೇಲೆ ಅಪ್ಪನ ವಾದ್ಯ ಬರುತ್ತದೆ. ಸ್ವಲ್ಪ ಹೊತ್ತು ಊದಿ, ನಿಧಾನಕ್ಕೆ ದೂರ ಹೋಗಿಬಿಡುತ್ತದೆ.

ನನ್ನ ಅಪ್ಪ ಮದುವೆ ಬ್ಯಾಂಡ್ ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಿದ್ದ. ಮಂಡ್ಯ, ಮದ್ದೂರು, ಪಾಂಡವಪುರ, ಕರೆದ ಕಡೆಯೆಲ್ಲ ಹೋಗುತ್ತಿದ್ದ. ಕೆಂಪು ಕೋಟು, ಭುಜದ ಮೇಲೆ ಹಳದಿ ಕುಚ್ಚು. ಗಂಡಿನ ಕಡೆಯವರು ಕುಣಿದು ಸುಸ್ತಾಗುವವರೆಗೂ ನಿಲ್ಲಿಸುವ ಹಾಗಿಲ್ಲ. ಮನೆಗೆ ಬಂದಾಗ ತುಟಿಯ ಮೇಲೆ ಉಂಗುರದ ಹಾಗೆ ಕೆಂಪಗೆ ಅಚ್ಚು ಬಿದ್ದಿರುತ್ತಿತ್ತು. ಅವ್ವ ಅದಕ್ಕೆ ಬೆಣ್ಣೆ ಹಚ್ಚುತ್ತಿದ್ದಳು. ಆಮೇಲೆ ಮುಂದಿನ ಹಲ್ಲು ಎರಡು ಹೋದವು. ಹಲ್ಲಿನ ಆಸರೆ ಇಲ್ಲದೆ ತುಟಿ ನಿಲ್ಲುವುದಿಲ್ಲ, ದನಿ ಒಡೆಯುತ್ತದೆ. ಅಲ್ಲಿಗೆ ಬಿಟ್ಟ. ಟ್ರಂಪೆಟ್ ಈಗ ಅಟ್ಟದ ಮೇಲೆ ಪಂಚೆಯಲ್ಲಿ ಸುತ್ತಿ ಇಟ್ಟಿದೆ.

ಹೋದ ತಿಂಗಳು ಒಂದು ರಾತ್ರಿ ಕರೆಂಟ್ ಹೋಗಿತ್ತು. ಜಗಲಿಯ ಮೇಲೆ ಕೂತಿದ್ದೆವು. ಒಂದು ಇಯರ್‌ಫೋನ್ ಅಪ್ಪನ ಕಿವಿಗೆ ಇಟ್ಟೆ.

"ಏನ್ಲಾ ಇದು, ಬರೀ ಮಾತು?" ಅಂದ.

"ತಡಿಯಪ್ಪ, ಕೊನೇಲಿ ಬತ್ತದೆ."

ಬಂತು. ಅಪ್ಪ ತಲೆ ಎತ್ತಿದ. ಬಲಗೈಯ ಮೂರು ಬೆರಳು ತೊಡೆಯ ಮೇಲೆ ತಾವಾಗೇ ಆಡತೊಡಗಿದವು, ಗುಂಡಿ ಒತ್ತಿದ ಹಾಗೆ. ಒಂದು ಕಡೆ ಬೆರಳು ತಪ್ಪಿ ನಿಂತಿತು, ಮತ್ತೆ ಸೇರಿಕೊಂಡಿತು. ಸದ್ದು ಪೂರ್ತಿ ಅಡಗಿದ ಮೇಲೂ ಸ್ವಲ್ಪ ಹೊತ್ತು ಬೆರಳು ಆಡುತ್ತಲೇ ಇದ್ದವು.

"ಯಾರ್ಲಾ ಇವ್ನು?"

"ಆ ಹಾಡ್ತಿದ್ನಲ್ಲ, ಅವನ ಅಪ್ಪ."

"ಎಷ್ಟಾಗಿತ್ತು ವಯಸ್ಸು?"

"ಐವತ್ತರ ಮೇಲೆ."

ಅಪ್ಪ ನಾಲಿಗೆಯಿಂದ ಹಲ್ಲು ಹೋದ ಜಾಗವನ್ನು ಮುಟ್ಟಿ ನೋಡಿಕೊಂಡ. "ಹಲ್ಲು ಗಟ್ಟಿ ಅವೆ ಇವ್ನವು" ಅಂದ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಮಗ ಮಾತಾಡೋವಾಗ ಮಧ್ಯ ಬಾಯಿ ಹಾಕ್ನಿಲ್ಲ ನೋಡು. ಅವನು ಮುಗಿಸ್ದ ಮ್ಯಾಲೆ ಊದವ್ನೆ. ಇನ್ನೊಂದ್ಸಲ ಹಾಕು" ಅಂದ.

ಕರೆಂಟ್ ಬರುವವರೆಗೆ ನಾಲ್ಕು ಸಲ ಹಾಕಿದೆ. ನಾಲ್ಕನೇ ಸಲಕ್ಕೆ ಬೆರಳು ಎಲ್ಲಿಯೂ ತಪ್ಪಲಿಲ್ಲ.